ಗುಂಡಿನ ಬಾಯಲ್ಲಿ ಉಣ್ಣೆ

ನವೆಂಬರ್ 3

ಅತ್ತಿಗೆಯವರಿಗೆ ನಿಮ್ಮ ಗುಬ್ಬಿಯ ನಮಸ್ಕಾರ.

ಮೂರು ವರ್ಷದಲ್ಲಿ ಇದು ನನ್ನ ನಾಲ್ಕನೆಯ ಕಾಗದ. ಮೊದಲಿನ ಮೂರಕ್ಕೆ ನೀವು ಉತ್ತರ ಬರೆಯಲಿಲ್ಲ. ಅದಕ್ಕೆ ನಿಮ್ಮನ್ನು ದೂರುವ ಮುಖ ನನಗಿಲ್ಲ. ಗಂಡನ ಪ್ರಾಣ ತೆಗೆದ ಕೈಯ ಅಕ್ಷರವನ್ನು ಯಾರು ತಾನೇ ಓದುತ್ತಾರೆ. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಈಗ ಕೇಳಬೇಕಾಗಿರುವ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೆ ಮಾತ್ರ.

ನಮ್ಮ ಇಲಾಖೆಯಿಂದ ಸುತ್ತೋಲೆ ಬಂದಿದೆ. ಪಿಸ್ತೂಲಿನ ಹಳೆಯ ಗುಂಡನ್ನು ತೆಗೆದು ಹೊಸದೊಂದು ಹಗುರ ಗುಂಡು ಕೊಡುತ್ತಾರಂತೆ. ಅದು ಹೊಡೆಸಿಕೊಂಡವನ ಮೈಯಲ್ಲೇ ನಿಲ್ಲುತ್ತದೆ, ದಾಟಿ ಹಿಂದಿನವರಿಗೆ ತಗಲುವುದಿಲ್ಲ ಎಂದು ಬರೆದಿದ್ದಾರೆ. ಅದರ ಪರೀಕ್ಷೆ ನಡೆಯುತ್ತಿರುವುದು ನೀವು ಕೆಲಸ ಮಾಡುವ ಮದ್ದುಗುಂಡಿನ ಕಾರ್ಖಾನೆಯಲ್ಲೇ. ನಿಮ್ಮನ್ನು ಪ್ಯಾಕಿಂಗ್ ವಿಭಾಗದಿಂದ ಪರೀಕ್ಷಾ ವಿಭಾಗಕ್ಕೆ ಹಾಕಿದ್ದಾರೆಂದು ಕೇಳಿ ತಿಳಿದೆ. ಇಲ್ಲಿ ಠಾಣೆಯ ಆಯುಧ ಕೋಣೆ ನನ್ನ ವಶದಲ್ಲಿದೆ. ಆ ಗುಂಡನ್ನು ಹುಡುಗರಿಗೆ ಹಂಚಬೇಕಾದವನೂ ನಾನೇ.

ಅವತ್ತಿನದನ್ನು ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಅಣ್ಣನ ಗಡಿಯಾರದ ಅಂಗಡಿಯ ಹಿಂದಿನ ಗಲ್ಲಿ, ಚಾಕು ಹಿಡಿದು ನನ್ನ ಮೇಲೆ ಬಂದ ಕಳ್ಳ, ಅವನ ಹಿಂದೆ ಬಾಗಿಲು ತೆರೆದು ಬಂದ ಅಣ್ಣ. ನನ್ನ ಮೊದಲ ಗುಂಡು ಕಳ್ಳನ ಭುಜ ದಾಟಿ ಅಣ್ಣನ ಎದೆಗೆ ಹೋಯಿತು. ಎರಡನೆಯದು ಕಳ್ಳನನ್ನು ಕೊಂದಿತು. ಇಲಾಖೆಯವರು ನನಗೆ ಪದಕ ಕೊಟ್ಟು ಈ ದೂರದ ಊರಿಗೆ ಕಳುಹಿಸಿದರು.

ಅತ್ತಿಗೆ, ನನ್ನ ಪ್ರಶ್ನೆ ಇಷ್ಟೇ. ಅವತ್ತು ನನ್ನ ಪಿಸ್ತೂಲಿನಲ್ಲಿ ಈ ಹಗುರ ಗುಂಡು ಇದ್ದಿದ್ದರೆ ಅಣ್ಣ ಉಳಿಯುತ್ತಿದ್ದನೆ? ಉಳಿಯುತ್ತಿದ್ದ ಎಂದು ನೀವು ಬರೆದರೆ ತಪ್ಪು ಗುಂಡಿನದು ಎಂದುಕೊಂಡು ನಾನು ಬದುಕುತ್ತೇನೆ.

ನಿಮ್ಮ
ಗುಬ್ಬಿ


ನವೆಂಬರ್ 19

ಗುಬ್ಬಿ,

ನಿನ್ನ ಮೂರೂ ಕಾಗದ ಓದಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಬೈಗುಳಕ್ಕೆ ಅಂಚೆಚೀಟಿ ಅಂಟಿಸುವುದು ದಂಡ ಎಂದು ಸುಮ್ಮನಾದೆ. ಈ ಸಲ ಕೆಲಸದ ವಿಷಯ ಕೇಳಿದ್ದೀಯ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಅರ್ಧ ಅಡುಗೆ, ಅರ್ಧ ಮರಣೋತ್ತರ ಪರೀಕ್ಷೆ. ಜೆಲಾಟಿನ್ ಪುಡಿಯನ್ನು ಬಿಸಿ ನೀರಿಗೆ ಹಾಕಿ, ಗಂಟಾಗದಂತೆ ಕಲಸಿ, ಅಚ್ಚಿಗೆ ಸುರಿದು, ಎರಡು ದಿನ ತಣ್ಣನೆಯ ಬೀರುವಿನಲ್ಲಿ ಇಡುತ್ತೇನೆ. ಒಂದೂವರೆ ಮೊಳದ ದಿಮ್ಮಿ ಸಿದ್ಧವಾಗುತ್ತದೆ. ಮನುಷ್ಯನ ಮಾಂಸ ಎಷ್ಟು ಮೆತ್ತಗೋ ಅದೂ ಅಷ್ಟೇ ಮೆತ್ತಗೆ. ನಾವು ಅದಕ್ಕೆ ಸಾಹೇಬರು ಎನ್ನುತ್ತೇವೆ. ‘ಇವತ್ತು ಎಷ್ಟು ಜನ ಸಾಹೇಬ್ರು ಹೋದ್ರು?’ ಎಂದು ಊಟದ ಹೊತ್ತಿಗೆ ಪ್ಯಾಕಿಂಗ್‌ನವರು ಕೇಳುತ್ತಾರೆ. ‘ಆರು ಜನ, ಎಲ್ರೂ ತೆಪ್ಪಗೆ ಹೋದ್ರು’ ಎನ್ನುತ್ತೇನೆ. ಹೊಟ್ಟೆಪಾಡಿಗೆ ನಗುವುದನ್ನೂ ಕಲಿಯಬೇಕು.

ಸಾಹೇಬರಿಗೆ ಬಟ್ಟೆ ತೊಡಿಸಿ ಮೇಜಿನ ಮೇಲೆ ಮಲಗಿಸುತ್ತೇನೆ. ಕನ್ನಡಕದ ಎಂಜಿನಿಯರ್ ಗುಂಡು ಹಾರಿಸುತ್ತಾರೆ, ಯಂತ್ರ ವೇಗ ಹೇಳುತ್ತದೆ. ಆಮೇಲೆ ನಾನು ಚಾಕು ಹಿಡಿದು ದಿಮ್ಮಿ ಸೀಳಿ ಗುಂಡು ತೆಗೆದು, ಎಷ್ಟು ಆಳಕ್ಕೆ ಹೋಯಿತು, ಮೂತಿ ಅರಳಿತೋ ಇಲ್ಲವೋ ಬರೆಯುತ್ತೇನೆ. ಹಳೆಯ ಗುಂಡಿನ ಮೂತಿಯೂ ಟೊಳ್ಳು, ಹೊಸದರದ್ದೂ ಟೊಳ್ಳು. ಮೈಯೊಳಗೆ ಹೋದ ಮೇಲೆ ಮೂತಿ ಅರಳಿ ಅಗಲವಾಗಬೇಕು, ಹಾಗಾದರೆ ಅದು ಅಲ್ಲೇ ನಿಲ್ಲುತ್ತದೆ. ಹೊಸದರ ತೂಕ ಹಳೆಯದರ ಅರ್ಧ, ವೇಗ ಹೆಚ್ಚು. ಇಲ್ಲಿಯವರೆಗೆ ಎಲ್ಲವೂ ಗೇಣುದ್ದದೊಳಗೇ ನಿಂತಿವೆ.

ಹಾಗಾಗಿ ಉತ್ತರ: ಹೌದು, ನಿಮ್ಮಣ್ಣ ಉಳಿಯುತ್ತಿದ್ದ. ತಗೋ, ಬದುಕಿಕೋ.

ನಿನ್ನನ್ನು ಆರು ವರ್ಷದವನಿದ್ದಾಗಿನಿಂದ ಸಾಕಿದವಳು ನಾನು. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತಿದ್ದವನನ್ನು ಪೊಲೀಸಿಗೆ ಸೇರಿಸಬೇಡಿ ಎಂದು ನಿಮ್ಮಣ್ಣನಿಗೆ ಹೇಳಿದವಳೂ ನಾನೇ. ನಿನ್ನ ಮೇಲೆ ಸಿಟ್ಟು ಇತ್ತು, ಆದರೆ ಹೆಚ್ಚಿನ ಸಿಟ್ಟು ಆ ಕಳ್ಳನ ಮೇಲೆ. ಅವನ ತಾಯಿ ಆಸ್ಪತ್ರೆಯ ಹಜಾರದಲ್ಲಿ ನನ್ನ ಕೈ ಹಿಡಿಯಲು ಬಂದಾಗ ತಳ್ಳಿಬಿಟ್ಟೆ. ಬೆಂಚಿನ ಅಂಚಿಗೆ ತಲೆ ಬಡಿದು ಕೂತಳು. ನನಗೆ ಇವತ್ತಿಗೂ ಅಯ್ಯೋ ಅನ್ನಿಸಿಲ್ಲ.

ಒಂದು ವಿಷಯ ಬೇಕು. ನಿಜವಾಗಿ ನಡೆದ ಘಟನೆಯಂತೆ ಪರೀಕ್ಷೆ ಮಾಡಿದರೆ ವರದಿಗೆ ತೂಕ ಬರುತ್ತದೆ ಎಂದು ಎಂಜಿನಿಯರ್ ಹೇಳುತ್ತಿದ್ದಾರೆ. ಎಷ್ಟು ದೂರ, ಕಳ್ಳ ಏನು ತೊಟ್ಟಿದ್ದ, ಗುಂಡು ಎಲ್ಲಿ ಹೊಕ್ಕಿತು, ಬರೆದು ಕಳಿಸು.

ಅತ್ತಿಗೆ


ನವೆಂಬರ್ 28

ಪ್ರೀತಿಯ ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಠಾಣೆಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಆಮೇಲೆ ಆಯುಧ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಒಂದೇ ಸಾಲಿನಲ್ಲಿ ಇಳಿಸಿದಿರಿ.

ನೀವು ಕೇಳಿದ ವಿವರ: ನನಗೂ ಕಳ್ಳನಿಗೂ ಹನ್ನೊಂದು ಹೆಜ್ಜೆ, ಕಳ್ಳನಿಗೂ ಅಣ್ಣನಿಗೂ ಮೂರು ಹೆಜ್ಜೆ. ಚಳಿಗಾಲ ನೋಡಿ, ಕಳ್ಳ ಇಟ್ಟಿಗೆ ಬಣ್ಣದ ದಪ್ಪ ಉಣ್ಣೆಯ ಕೋಟು ತೊಟ್ಟಿದ್ದ. ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ. ಗುಂಡು ಎಡ ಭುಜದ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಬಿತ್ತು. ಅಣ್ಣ ಅಂಗಡಿಯೊಳಗಿನ ಬಿಸಿಯಲ್ಲಿ ಕೂತಿದ್ದವನು ಬರೀ ಬಿಳಿ ಅಂಗಿಯಲ್ಲಿ ಬಂದಿದ್ದ. ಎಲ್ಲವೂ ತನಿಖಾ ವರದಿಯಲ್ಲಿದೆ.

ಇನ್ನೊಂದು ಮಾತು, ಹೇಳಲು ನಾಚಿಕೆ. ನನಗೆ ಮದುವೆ ಗೊತ್ತಾಗಿದೆ. ಹುಡುಗಿ ಇಲ್ಲಿಯ ಶಾಲೆಯಲ್ಲಿ ಟೀಚರು. ಬಹಳ ನಗಿಸುತ್ತಾಳೆ, ನನ್ನನ್ನೇ ನಗಿಸುತ್ತಾಳೆ ಎಂದರೆ ನೋಡಿ. ಮಾರ್ಚ್ ಇಪ್ಪತ್ತಕ್ಕೆ ದಿನ ಗೊತ್ತು ಮಾಡಿದ್ದಾರೆ. ಅವಳ ತಂದೆ ನಿಯತ್ತಿನ ಮನುಷ್ಯರು. ‘ನಿಮ್ಮ ಕಡೆ ಹಿರಿಯರು ಯಾರೂ ಇಲ್ವಾ? ಅತ್ತಿಗೆ ಇದ್ದಾರೆ ಅಂದ್ರಿ, ಅವರು ಬರ್ತಾರೆ ತಾನೇ?’ ಎಂದು ಎರಡು ಸಲ ಕೇಳಿದರು. ನೀವು ಬಾರದಿದ್ದರೆ ಅವರಿಗೆ ಅನುಮಾನ ಬರುತ್ತದೆ. ನೀವು ಬಂದು ಅಮ್ಮನ ಜಾಗದಲ್ಲಿ ನಿಲ್ಲಬೇಕು. ನನ್ನನ್ನು ಕ್ಷಮಿಸಿದ್ದೀರಿ ಎಂದು ಊರಿಗೆ ತೋರಿಸಲು ಅಲ್ಲ, ನನಗೆ ಗೊತ್ತಾಗಲಿ ಎಂದು.

ನಿಮ್ಮ
ಗುಬ್ಬಿ


ಡಿಸೆಂಬರ್ 21

ಗುಬ್ಬಿ,

ನಿನ್ನ ಹುಡುಗಿ ನಗಿಸುತ್ತಾಳೆ ಎಂದು ಓದಿ ಸಂತೋಷವಾಯಿತು. ಬರುತ್ತೇನೆ. ಅವಳ ತಂದೆಗೆ ಹೇಳು, ಅತ್ತಿಗೆ ಬರುತ್ತಾಳೆ, ಬಾಯಿ ಸ್ವಲ್ಪ ಜೋರು ಎಂದೂ ಹೇಳಿಡು.

ಈಗ ಕೆಲಸದ ಸುದ್ದಿ. ನಿನ್ನಿಂದ ನಮ್ಮ ಎಂಜಿನಿಯರ್‌ಗೆ ತಲೆ ಕೆಟ್ಟಿದೆ. ಅವರು ಇಲ್ಲಿಯವರೆಗೆ ಸಾಹೇಬರಿಗೆ ತೊಡಿಸುತ್ತಿದ್ದದ್ದು ತೆಳ್ಳನೆಯ ಹತ್ತಿ ಅಂಗಿ. ಗುಂಡು ಚೆಂದವಾಗಿ ಅರಳಿ ಗೇಣಿನಲ್ಲೇ ನಿಲ್ಲುತ್ತಿತ್ತು. ‘ಇನ್ನೇನು, ಪಾಸು ಅಂತ ಬರೀರಿ’ ಎಂದರು. ನಾನು ‘ಸಾರ್, ಚಳಿಗಾಲದಲ್ಲಿ ಕಳ್ಳರು ಬರೀ ಅಂಗೀಲಿ ಓಡಾಡ್ತಾರಾ? ಅವರೇನು ನಮ್ ಪರೀಕ್ಷೆಗೆ ಅಂತ ಕೋಟು ಬಿಚ್ಚಿಟ್ಟು ಬರ್ತಾರಾ?’ ಎಂದೆ. ಮೂತಿ ಉಬ್ಬಿಸಿಕೊಂಡು ಒಪ್ಪಿದರು. ದಪ್ಪ ಉಣ್ಣೆ ತಂದು ಹೊದಿಸಿದೆ. ಹೊಡೆದ ಎಲ್ಲ ಗುಂಡುಗಳೂ ದಿಮ್ಮಿಯ ಆ ಕಡೆಯಿಂದ ಆಚೆ ಬಿದ್ದವು, ಹಗುರದ್ದೂ ಕೂಡ.

ಯಾಕೆ ಗೊತ್ತೇ? ಉಣ್ಣೆ ದಾಟುವಾಗ ಗುಂಡು ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಟೊಳ್ಳಿನಲ್ಲಿ ಉಣ್ಣೆ ಗಿಡಿದು ಬಾಯಿ ಕಟ್ಟಿದರೆ ಮೂತಿ ಅರಳುವುದಿಲ್ಲ. ಅರಳದಿದ್ದರೆ ನಿಲ್ಲುವುದಿಲ್ಲ. ಹಳೆಯ ಗುಂಡು ನಲವತ್ತು ಹೊಡೆದು ನೋಡಿದೆವು. ನಲವತ್ತರ ಬಾಯಲ್ಲೂ ಉಣ್ಣೆಯ ಮುದ್ದೆ, ಒಂದೂ ಅರಳಿಲ್ಲ. ಅದು ಲೋಹಕ್ಕೆ ಎಷ್ಟು ಬಿಗಿಯಾಗಿ ಅಂಟಿರುತ್ತದೆ ಎಂದರೆ ಸೂಜಿ ಹಾಕಿ ಕಿತ್ತರೂ ಎಳೆ ಉಳಿಯುತ್ತದೆ. ಈಗ ಹಗುರ ಗುಂಡಿನ ಟೊಳ್ಳಿಗೆ ಮೆತ್ತನೆಯ ರಬ್ಬರು ತುಂಬಿ ಕಳಿಸಿದ್ದಾರೆ. ಉಣ್ಣೆಗೆ ಜಾಗವೇ ಇಲ್ಲ. ಇದು ನಿಲ್ಲುತ್ತದೆ. ನಿನ್ನ ಕಾಗದ ಬರದಿದ್ದರೆ ಆ ಮೊದಲಿನದೇ ಪಾಸಾಗುತ್ತಿತ್ತು.

ನೀನು ಬರೆದದ್ದಕ್ಕೆ ಪೂರ್ತಿ ಸರಿಹೋಗುವ ಕೋಟು ಬೇಕಿತ್ತು. ಅಂಗಡಿಯಲ್ಲಿ ಸಿಕ್ಕಲಿಲ್ಲ. ಕೊನೆಗೆ ಮಾನ ಬಿಟ್ಟು ಆ ಕಳ್ಳನ ತಾಯಿಯ ಮನೆ ಹುಡುಕಿಕೊಂಡು ಹೋದೆ. ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಹೆಂಗಸು. ಒಂದೇ ಕೋಣೆ, ಒಳಗೆಲ್ಲ ಆವಿಯ ವಾಸನೆ. ಬಾಗಿಲಲ್ಲೇ ಗುರುತು ಹಿಡಿದಳು. ಹಣೆಯ ಮೇಲೆ ಗಾಯದ ಕಲೆ ಇದೆ, ನಾನು ತಳ್ಳಿದ್ದು. ಪೊಲೀಸರು ಕೋಟು ಹಿಂದಿರುಗಿಸಿದ್ದಾರಂತೆ, ಒಗೆಯದೆ ಹಾಗೇ ಇಟ್ಟಿದ್ದಾಳೆ. ‘ಇಡೀ ಊರಿನ ಬಟ್ಟೆ ಒಗೀತೀನಿ, ಇದನ್ನ ಮಾತ್ರ ನೀರಿಗೆ ಹಾಕೋಕೆ ಕೈ ಬರ್ಲಿಲ್ಲ’ ಎಂದಳು. ‘ಇದಕ್ಕೆ ಗುಂಡು ಹೊಡೀಬೇಡಿ, ನೋಡಿ ವಾಪಸು ಕೊಡಿ’ ಎಂದು ಕೊಟ್ಟಳು. ನಾನು ಥ್ಯಾಂಕ್ಸ್ ಕೂಡ ಹೇಳದೆ ಬಂದೆ.

ಇನ್ನೊಂದು. ನಿಮ್ಮಣ್ಣನ ಎದೆಯಿಂದ ತೆಗೆದ ಗುಂಡನ್ನು ಕೇಸು ಮುಗಿದ ಮೇಲೆ ಚಿಕ್ಕ ಡಬ್ಬಿಯಲ್ಲಿ ಹಾಕಿ ನನಗೆ ಕೊಟ್ಟಿದ್ದರು. ತೆರೆದಿಲ್ಲ. ದಿನಕ್ಕೆ ನಲವತ್ತು ಗುಂಡು ನೋಡುವವಳಿಗೆ ಅದೊಂದನ್ನು ನೋಡುವ ಧೈರ್ಯ ಬರಲಿಲ್ಲ. ನಮ್ಮ ನಲವತ್ತರ ಪಕ್ಕದಲ್ಲಿಟ್ಟು ಹೋಲಿಸಿದರೆ ವರದಿ ಗಟ್ಟಿಯಾಗುತ್ತದೆ ಎಂದು ಎಂಜಿನಿಯರ್ ಕೇಳುತ್ತಿದ್ದಾರೆ. ಈ ವಾರ ತೆರೆಯುತ್ತೇನೆ.

ಅತ್ತಿಗೆ


ಡಿಸೆಂಬರ್ 29

ಅತ್ತಿಗೆಯವರಿಗೆ,

ನಿಮ್ಮ ಕಾಗದ ಈಗಷ್ಟೇ ಬಂತು. ಇದು ಬೇಗ ತಲುಪಲಿ ಎಂದು ರೈಲು ನಿಲ್ದಾಣಕ್ಕೇ ಹೋಗಿ ಹಾಕುತ್ತಿದ್ದೇನೆ.

ಆ ಡಬ್ಬಿ ತೆರೆಯಬೇಡಿ. ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ. ಅಣ್ಣನ ರಕ್ತ ಮೆತ್ತಿದ್ದನ್ನು ಕೈಯಲ್ಲಿ ಹಿಡಿದರೆ ನಿಮಗೆ ತಡೆದುಕೊಳ್ಳಲು ಆಗುವುದಿಲ್ಲ. ಆ ಎಂಜಿನಿಯರ್‌ಗೇನು, ಅವರ ವರದಿ ಆಗಬೇಕು. ಬೇಕಾದರೆ ಡಬ್ಬಿಯನ್ನು ನನಗೆ ಕಳಿಸಿ, ನಾನು ಇಟ್ಟುಕೊಳ್ಳುತ್ತೇನೆ.

ಮತ್ತೆ, ನನಗೆ ಈಗ ನೆನಪಾಗುತ್ತಿದೆ, ಕಳ್ಳನ ಕೋಟಿನ ಗುಂಡಿ ಹಾಕಿರಲಿಲ್ಲ. ಕೋಟು ಭುಜದಿಂದ ಸರಿದಿತ್ತು. ಹಾಗಾಗಿ ಗುಂಡು ಉಣ್ಣೆಯನ್ನು ದಾಟಿಲ್ಲದೆಯೂ ಇರಬಹುದು. ಆ ಗಡಿಬಿಡಿಯಲ್ಲಿ ಯಾರಿಗೆ ಏನು ನೆನಪಿರುತ್ತದೆ ಹೇಳಿ. ಆ ಹೆಂಗಸಿಗೆ ಕೋಟು ಕೊಟ್ಟುಬಿಡಿ. ಅಂಥವರ ಸಹವಾಸ ನಿಮಗೆ ಬೇಡ.

ನಿಮ್ಮ ಗುಬ್ಬಿ


ಜನವರಿ 17

ಅತ್ತಿಗೆ, ಉತ್ತರ ಬರಲಿಲ್ಲ. ಮೈ ಹುಷಾರಿಲ್ಲವೇ? ಡಬ್ಬಿ ತೆರೆದಿರಾ? ಒಂದು ಸಾಲು ಬರೆಯಿರಿ. ಹುಡುಗಿಯ ತಂದೆ ನಿಮ್ಮ ವಿಳಾಸ ಕೇಳಿದ್ದಾರೆ, ನಾನು ಇನ್ನೂ ಕೊಟ್ಟಿಲ್ಲ.


ಫೆಬ್ರವರಿ 2

ಗುಬ್ಬಿ,

ಡಬ್ಬಿಯನ್ನು ಡಿಸೆಂಬರ್ ಇಪ್ಪತ್ತೆಂಟಕ್ಕೇ ತೆರೆದೆ. ಅಂದರೆ ನೀನು ಬೇಡ ಎಂದು ಬರೆಯುವ ಒಂದು ದಿನ ಮುಂಚೆ.

ಗುಂಡು ಪೂರ್ತಿ ಅರಳಿತ್ತು. ಅಂಚಿನ ಎಸಳುಗಳು ಹಿಂದಕ್ಕೆ ಮಡಚಿಕೊಂಡಿದ್ದವು. ನಮ್ಮಲ್ಲಿ ತೆಳ್ಳನೆಯ ಅಂಗಿಗೆ ಹೊಡೆದಾಗ ಸಿಗುವ ಗುಂಡಿನಂತೆಯೇ ಇತ್ತು. ಎಸಳಿನ ಸಂದಿಯಲ್ಲಿ ಬಿಳಿ ಹತ್ತಿಯ ಎರಡು ಎಳೆ. ಇಟ್ಟಿಗೆ ಬಣ್ಣದ್ದು ಒಂದು ಎಳೆಯೂ ಇಲ್ಲ. ಭೂತಗನ್ನಡಿಯಲ್ಲಿ ನೋಡಿದೆ. ಎಂಜಿನಿಯರ್‌ಗೂ ಕೊಟ್ಟೆ, ಯಾವುದೆಂದು ಹೇಳದೆ. ‘ಇದು ನೇರ ಅಂಗಿಗೆ ಬಿದ್ದಿದ್ದು, ನಡುವೆ ಏನೂ ಇರ್ಲಿಲ್ಲ’ ಎಂದು ಅವರು ಕೈಯಲ್ಲಿದ್ದ ಬಿಸ್ಕತ್ತು ತಿನ್ನುತ್ತಲೇ ಹೇಳಿದರು.

ಕೋಟು ಸರಿದಿತ್ತು ಎಂದು ನಿನಗೆ ಆಮೇಲೆ ನೆನಪಾಗಿದೆ. ಹಾಗಿದ್ದರೆ ಕೋಟಿನ ಭುಜದಲ್ಲಿ ಮುಂದೊಂದು ಹಿಂದೊಂದು ತೂತು ಯಾಕಿವೆ? ಕೋಟನ್ನು ಮೇಜಿನ ಮೇಲೆ ಹರಡಿ ಒಂದು ದಿನ ಪೂರ್ತಿ ನೋಡಿದ್ದೇನೆ. ಅವನನ್ನು ಕೊಂದ ಗುಂಡು ಹೊಕ್ಕ ಎದೆಯ ತೂತಿನ ಸುತ್ತ ಉಣ್ಣೆ ಸುಟ್ಟಿಲ್ಲ. ಭುಜದ ತೂತಿನ ಸುತ್ತ ಮಾತ್ರ ಒಂದು ಬೊಗಸೆಯಗಲ ಸುಟ್ಟು ಕರಕಲಾಗಿದೆ. ಹನ್ನೊಂದು ಹೆಜ್ಜೆಯಿಂದ ಹೊಡೆದರೆ ಬಟ್ಟೆ ಸುಡುವುದಿಲ್ಲ ಗುಬ್ಬಿ. ಪಿಸ್ತೂಲಿನ ಬಾಯಿ ಬಟ್ಟೆಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿದ್ದರೆ ಮಾತ್ರ ಹಾಗಾಗುತ್ತದೆ. ಬೇರೆ ಉಣ್ಣೆಗೆ ನಾಲ್ಕು ಬೆರಳಿನ ದೂರದಿಂದ ಹೊಡೆದೂ ನೋಡಿದೆ, ಅದೇ ಕರಕಲು.

ನನಗೆ ಅರ್ಥವಾದದ್ದು ಇಷ್ಟು. ನಿಮ್ಮಣ್ಣನಿಗೆ ಬಿದ್ದ ಗುಂಡು ಯಾರನ್ನೂ ದಾಟಿ ಬಂದದ್ದಲ್ಲ. ಕಳ್ಳನ ಭುಜಕ್ಕೆ ಬಿದ್ದದ್ದು ಬೇರೆ ಗುಂಡು. ಅದನ್ನು ನೀನು ಅವನ ಪಕ್ಕದಲ್ಲಿ ನಿಂತು ಹೊಡೆದಿದ್ದೀಯ. ಯಾಕೆ ಎಂಬುದು ಕೋಟಿನಲ್ಲಿ ಬರೆದಿಲ್ಲ, ನೀನೇ ಬರೆಯಬೇಕು.

ನೀನು ನವೆಂಬರಿನಲ್ಲಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಗುರ ಗುಂಡು ಬೇಗ ಅರಳುತ್ತದೆ. ಅದು ಇದ್ದಿದ್ದರೆ ನಿಮ್ಮಣ್ಣ ಇನ್ನೂ ಬೇಗ ಸಾಯುತ್ತಿದ್ದ. ಗುಂಡು ಪಾಸಾಗಿದೆ. ವರದಿಯ ಕೆಳಗೆ ನನ್ನ ಸಹಿಯೂ ಇದೆ.

ನಿಜ ಬರೆ. ಬರೆಯದಿದ್ದರೆ ಮದುವೆಗೆ ಬರುವುದಿಲ್ಲ, ಯಾಕೆ ಬರುತ್ತಿಲ್ಲ ಎಂದು ಹುಡುಗಿಯ ತಂದೆಗೆ ನಾನೇ ಬರೆಯುತ್ತೇನೆ. ಶಾಲೆಯ ವಿಳಾಸ ಹುಡುಕುವುದು ಕಷ್ಟವಲ್ಲ.

ಅತ್ತಿಗೆ


ಫೆಬ್ರವರಿ 11

ಅತ್ತಿಗೆ,

ಇದನ್ನು ಓದಿದ ತಕ್ಷಣ ಸುಟ್ಟುಬಿಡಿ. ನನ್ನನ್ನು ಎತ್ತಿ ಆಡಿಸಿದ ಕೈಗಳಿವೆಯಲ್ಲ, ಆ ಕೈಗಳನ್ನು ನಂಬಿ ಬರೆಯುತ್ತಿದ್ದೇನೆ.

ಅವತ್ತು ಅಂಗಡಿಗಳಿಗೆ ರಜೆ, ಗಲ್ಲಿಯಲ್ಲಿ ಯಾರೂ ಇರಲಿಲ್ಲ, ಅಣ್ಣ ರಜೆಯಲ್ಲೂ ಅಂಗಡಿಯೊಳಗೆ ಕೂತಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಯಾರದೋ ಚೀಲ ಕಿತ್ತುಕೊಂಡು ಓಡಿ ಬಂದಿದ್ದ. ಗೋಡೆ ಅಡ್ಡ ಬಂದು ನಿಂತ. ಚಾಕು ಇದ್ದದ್ದು ನಿಜ. ‘ಚಾಕು ಬಿಸಾಕು, ಕೈ ಎತ್ತು’ ಎಂದೆ. ಬಿಸಾಕಿದ. ಕೈ ಎತ್ತಿದ. ಅಷ್ಟು ಸುಲಭಕ್ಕೆ ಎತ್ತುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ.

ಆಗ ನನ್ನ ಪಕ್ಕಕ್ಕೆ ಅಂಗಡಿಯ ಹಿಂಬಾಗಿಲು ದಡಾರನೆ ತೆರೆಯಿತು. ಇನ್ನೊಬ್ಬ ಕಳ್ಳ ಎಂದುಕೊಂಡೆ. ಏನೂ ಅಂದುಕೊಳ್ಳಲಿಲ್ಲ, ನಿಜ ಹೇಳಬೇಕೆಂದರೆ. ಸದ್ದಿಗೆ ತಿರುಗಿದೆ, ಕಣ್ಣು ಮುಚ್ಚಿತ್ತು, ಬೆರಳು ಎಳೆದಿತ್ತು. ಕಣ್ಣು ಬಿಟ್ಟಾಗ ಅಣ್ಣ ಹೊಸ್ತಿಲ ಮೇಲೆ ಕೂತಿದ್ದ.

ಆ ಕಳ್ಳ ಕೈ ಎತ್ತಿಕೊಂಡೇ ನಿಂತಿದ್ದ. ‘ಸಾರ್, ನಾನೇನೂ ಮಾಡಿಲ್ಲ ಸಾರ್, ನೀವೇ ಹೊಡೆದಿದ್ದು’ ಎಂದ. ಅದೊಂದು ಮಾತು ಆಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಎದೆಗೆ ಹೊಡೆದೆ. ಆಮೇಲೆ ತಲೆ ತಾನಾಗಿಯೇ ಓಡಿತು. ಅವನನ್ನು ಎಳೆದು ನಾನು ನಿಂತಿದ್ದೆ ಎನ್ನಬೇಕಾದ ಜಾಗಕ್ಕೂ ಅಣ್ಣನಿಗೂ ನಡುವೆ ಬರುವ ಹಾಗೆ ಮಲಗಿಸಿದೆ. ಭುಜಕ್ಕೊಂದು ತೂತು ಬೇಕಿತ್ತು, ಬಗ್ಗಿ ಹೊಡೆದೆ. ಆ ಗುಂಡು ಕಲ್ಲುಹಾಸಿನ ಸಂದಿಗೆ ಹೋಯಿತು, ಬೂಟಿನಲ್ಲಿ ಮಣ್ಣು ಎಳೆದು ಮುಚ್ಚಿದೆ. ಜನ ಮೂರು ಸದ್ದು ಕೇಳಿದೆವು ಎಂದರು. ಹೊಡೆದದ್ದು ಎರಡೇ, ಗಲ್ಲಿಯಲ್ಲಿ ಸದ್ದು ಪ್ರತಿಧ್ವನಿಸುತ್ತದೆ ಎಂದು ತನಿಖೆಯವರು ಬರೆದುಕೊಂಡರು. ಕಡಿಮೆಯಾಗಿದ್ದ ಒಂದು ತೋಟಾವನ್ನು ಅಭ್ಯಾಸದ ಪೆಟ್ಟಿಗೆಯಿಂದ ತುಂಬಿಸಿದೆ. ಸೀಟಿ ಊದಿ ಜನರನ್ನು ಕರೆದದ್ದು ಎಲ್ಲ ಆದ ಮೇಲೆ. ಅಣ್ಣನ ಕಣ್ಣು ತೆರೆದಿತ್ತು. ನೋಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ನಿಮ್ಮ ಗಂಡನನ್ನು ಕೊಂದವನು ಕಣ್ಣು ಮುಚ್ಚಿ ಗುಂಡು ಹಾರಿಸಿದ ಹೇಡಿ ಎಂದು ನಿಮಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಅಣ್ಣನದು ಆಕಸ್ಮಿಕ, ಅದನ್ನು ನೀವು ನಂಬಲೇಬೇಕು. ಇನ್ನು ಅವನು, ಅವನೇನು ದೊಡ್ಡ ಮನುಷ್ಯನೇ? ಇವತ್ತಲ್ಲದಿದ್ದರೆ ನಾಳೆ ಎಲ್ಲೋ ಚರಂಡಿಯಲ್ಲಿ ಸಾಯುವವನು. ಅವನಿಗಾಗಿ ನನ್ನ ಬಾಳು ಹಾಳು ಮಾಡಬೇಡಿ. ಈಗ ನಿಮಗೆ ಎಲ್ಲ ಗೊತ್ತಾಯಿತು. ನೀವು ಇಪ್ಪತ್ತಕ್ಕೆ ಬರಬೇಕು.

ಗುಬ್ಬಿ


ಮಾರ್ಚ್ 1

ಗುಬ್ಬಿ,

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ನನಗೆ ಹೇಳಿದ ಒಂದು ಮಾತನ್ನು ನಿನಗೆ ಹೇಳದೆ ಇಟ್ಟುಕೊಂಡಿದ್ದೆ. ನೀನು ನೊಂದುಕೊಳ್ಳುತ್ತೀಯ ಎಂದು. ‘ಹತ್ತು ನಿಮಿಷ ಮುಂಚೆ ತಂದಿದ್ರೆ ಉಳಿಸ್ಕೋಬಹುದಾಗಿತ್ತು’ ಎಂದಿದ್ದರು. ಎಲ್ಲ ಆದ ಮೇಲೆ ಸೀಟಿ ಊದಿದೆ ಎಂದು ನೀನು ಬರೆದ ಸಾಲನ್ನು ಓದಿ, ಆ ಹತ್ತು ನಿಮಿಷ ಎಲ್ಲಿ ಹೋಯಿತು ಎಂಬುದು ಗೊತ್ತಾಯಿತು. ಹಾಗಾಗಿ ಆಕಸ್ಮಿಕ ಎಂಬ ಮಾತನ್ನು ನನ್ನ ಹತ್ತಿರ ಇನ್ನು ಎತ್ತಬೇಡ.

ಕಾಗದ ಸುಟ್ಟಿಲ್ಲ. ಭಾನುವಾರ ಕೋಟು ಹಿಂದಿರುಗಿಸಲು ಹೋದಾಗ ಜೊತೆಗೆ ಒಯ್ದಿದ್ದೆ. ಅವಳಿಗೆ ಓದಲು ಬರುವುದಿಲ್ಲ. ಹಾಸಿಗೆ ಬಟ್ಟೆಯ ಗುಡ್ಡೆಯ ಪಕ್ಕದಲ್ಲಿ ಒಂದು ಸ್ಟೂಲು ಎಳೆದು ಕೊಟ್ಟಳು. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ, ಚರಂಡಿಯ ಸಾಲನ್ನೂ ಬಿಡಲಿಲ್ಲ. ಬಿಡಬೇಕು ಅನ್ನಿಸಿತ್ತು, ಆದರೆ ಬಿಟ್ಟರೆ ನಾನೂ ನಿನ್ನ ಹಾಗೇ ಆಗುತ್ತೇನೆ.

ಅವಳು ಅಳಲಿಲ್ಲ. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ತೆಗೆದು ಬಂದು ಕೂತಳು. ‘ಕೈ ಎತ್ತಿದ್ದ ಅಂತ ಬರೆದಿದ್ದಾನಾ?’ ಎಂದಳು. ಹೌದು ಎಂದೆ. ‘ಇನ್ನೊಂದ್ಸಲ ಓದಿ.’ ಓದಿದೆ. ಮೂರನೆಯ ಸಲವೂ ಓದಿಸಿದಳು. ಆಮೇಲೆ ‘ಹುಟ್ಟಿದಾಗಿಂದ ಯಾರ ಮಾತೂ ಕೇಳಿದವನಲ್ಲ. ಅವತ್ತೊಂದು ದಿನ ಕೇಳಿದ್ದಾನೆ ನೋಡಿ’ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು, ಒರಟಾಗಿ ಅಲ್ಲ. ಅದು ನನಗೆ ಆಗಬೇಕಾದದ್ದೇ.

‘ಯಾರಿಗೆ ತೋರಿಸ್ಬೇಕು ಹೇಳಿ. ಕೋರ್ಟಿಗೋ ಪೇಪರಿನವರಿಗೋ, ನಾಳೇನೇ ಕರ್ಕೊಂಡು ಹೋಗ್ತೀನಿ’ ಎಂದೆ. ಅವಳು ಕಾಗದ ಇಸಕೊಂಡು ಬಹಳ ಹೊತ್ತು ಸವರುತ್ತಾ ಕೂತಳು, ಸುಕ್ಕು ತೆಗೆಯುವವಳ ಹಾಗೆ.

‘ಮದ್ವೆ ಯಾವತ್ತು ಅಂದ್ರಿ?’

‘ಇಪ್ಪತ್ತಕ್ಕೆ.’

‘ಆಗ್ಲಿ ಬಿಡಿ. ಈಗ ಹಿಡಿಸಿದ್ರೆ ಒಬ್ನೇ ಜೈಲಿಗೆ ಹೋಗ್ತಾನೆ, ಅಷ್ಟೇ ತಾನೇ. ಅವನಿಗೊಬ್ಬ ಮಗ ಹುಟ್ಲಿ. ಅಪ್ಪಾ ಅಪ್ಪಾ ಅಂತ ಹಿಂದೆ ಸುತ್ಲಿ. ಸ್ಕೂಲಿಗೆ ಹೋಗಿ ಓದೋದು ಕಲೀಲಿ. ನಾನು ಗಟ್ಟಿಯಾಗಿದ್ದೀನಿ, ಕಾಯ್ತೀನಿ. ಆಮೇಲೆ ಹೋಗಿ ಕಾಗದಾನ ಆ ಮಗೂ ಕೈಗೇ ಕೊಡ್ತೀನಿ. ನನಗೆ ಓದೋಕೆ ಬರಲ್ಲ ಕಂದಾ, ಸ್ವಲ್ಪ ಓದಿ ಹೇಳು ಅಂತೀನಿ.’

ನಾನು ಬೇಡ ಎನ್ನಲಿಲ್ಲ. ಮಗು ಏನು ಮಾಡಿತು, ಆ ಟೀಚರು ಏನು ಮಾಡಿದಳು ಎಂದು ಬಾಯಿಯವರೆಗೆ ಬಂತು. ಆದರೆ ಅವಳ ಹಣೆಯ ಕಲೆ ಎದುರಿಗೇ ಇತ್ತು, ನುಂಗಿಕೊಂಡೆ. ಕಾಗದ ಅವಳ ಹತ್ತಿರವೇ ಇದೆ. ಹಕ್ಕು ಅವಳದು.

ನೀನು ಮದುವೆ ಬೇಡ ಎನ್ನಬಹುದು. ಯಾಕೆ ಎಂದು ಆ ನಿಯತ್ತಿನ ಮನುಷ್ಯರು ಕೇಳುತ್ತಾರೆ, ಉತ್ತರ ಹುಡುಕಿಟ್ಟುಕೋ. ನೀನೇ ಠಾಣೆಗೆ ಹೋಗಿ ಎಲ್ಲ ಹೇಳಬಹುದು. ನಿನಗೆ ಅಷ್ಟು ಧೈರ್ಯ ಇದ್ದಿದ್ದರೆ ಅವಳ ಮಗ ಇವತ್ತು ಇರುತ್ತಿದ್ದ.

ನಾನು ಹತ್ತೊಂಬತ್ತರ ಬೆಳಗಿನ ರೈಲಿಗೆ ಬರುತ್ತೇನೆ. ಟಿಕೆಟ್ ಆಗಿದೆ. ನೀನು ಕೇಳಿದಂತೆ ಅಮ್ಮನ ಜಾಗದಲ್ಲಿ ನಿಲ್ಲುತ್ತೇನೆ. ಹುಡುಗಿಯ ತಂದೆಯ ಜೊತೆ ನಗುನಗುತ್ತಾ ಮಾತಾಡುತ್ತೇನೆ. ಎಲ್ಲರ ಮುಂದೆ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ. ಏನೆಂದು ಹರಸುತ್ತೇನೆ ಎಂಬುದನ್ನು ಈಗಲೇ ಬರೆದುಬಿಡುತ್ತೇನೆ: ನಿನಗೆ ಬೇಗ ಒಂದು ಗಂಡು ಮಗುವಾಗಲಿ, ಚೆನ್ನಾಗಿ ಓದಲಿ.

ಅತ್ತಿಗೆ